ಶಾಯಿ ಹಚ್ಚಿದ ಬೆರಳು: ಸರ್ವಾಧಿಕಾರಿಗಳು ಮತ್ತು ಮುಕ್ತ ಚುನಾವಣೆ



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆದು ಬಂದಿದೆಯೋ ಆ ಹಿರಿಯರು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದವರು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯ ಕೆಲಸಕ್ಕೆ ಬೇಸರವಿಲ್ಲದೆ ಹೋಗುತ್ತಿದ್ದರು ಎಂದು ಅವರ ಮಗಳು ಹೇಳಿದರು. ಆ ಮಾತು ಕೇಳಿದ ಮೇಲೆ ಇವತ್ತಿನ ವಿಷಯವನ್ನು ಹುಡುಕಬೇಕಾಗಲಿಲ್ಲ.

ನನ್ನ ಒಂದು ಅನುಭವದಿಂದ ಶುರು ಮಾಡುತ್ತೇನೆ. 1989ರ ನವೆಂಬರ್‌ನಲ್ಲಿ ನಮ್ಮಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆಯಿತು. ಮೊದಲ ಸಲ ನನ್ನನ್ನು ಮತಗಟ್ಟೆ ಅಧಿಕಾರಿಯಾಗಿ ಹಾಕಿದ್ದರು. ಹಿಂದಿನ ದಿನ ತಾಲ್ಲೂಕು ಕೇಂದ್ರದಲ್ಲಿ ಮಸ್ಟರಿಂಗ್ ಮುಗಿಸಿ, ಮತಪೆಟ್ಟಿಗೆ, ಮತಪತ್ರದ ಕಟ್ಟು, ಅರಗು, ದಾರ, ಶಾಯಿಯ ಸೀಸೆ ಎಲ್ಲ ಎಣಿಸಿ ತೆಗೆದುಕೊಂಡು ಒಂದು ಪ್ರಾಥಮಿಕ ಶಾಲೆಗೆ ಹೋಗಿ ಇಳಿದೆವು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ಏಜೆಂಟರಿಗೆಲ್ಲ ತೋರಿಸಿ ಮೊಹರು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಬೆರಳಿಗೆ ಶಾಯಿ ಹಾಕಿಸಿಕೊಂಡರು, ಮತಪತ್ರ ತೆಗೆದುಕೊಂಡರು, ಆದರೆ ಮತ ಹಾಕುವ ಮರೆಯ ಕಡೆಗೆ ಹೋಗಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

"ಬುದ್ಧೀ, ನಾನ್ ಯಾರ್ಗಾಕ್ದೆ ಅಂತ ಗೊತ್ತಾಗಾಕಿಲ್ವಾ?"

"ಗೊತ್ತಾಗಲ್ಲ ಅಜ್ಜಿ."

"ನಮ್ ಪಟೇಲ್ರಿಗೂವೆ?"

"ಅವರಿಗೂ ಗೊತ್ತಾಗಲ್ಲ. ನನಗೂ ಗೊತ್ತಾಗಲ್ಲ."

ಅಜ್ಜಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಮರೆಯ ಹಿಂದೆ ಹೋದರು. ಅವರು ಒಳಗೆ ತೆಗೆದುಕೊಂಡ ಸಮಯ ಸ್ವಲ್ಪ ಹೆಚ್ಚೇ ಆಯಿತು. ಸಾಲಿನಲ್ಲಿದ್ದವರು ಗೊಣಗಿದರು. ನಾನು ಅವಸರ ಮಾಡಲಿಲ್ಲ.

ರಾಜ್ಯಶಾಸ್ತ್ರದ ಅಧ್ಯಾಪಕನಾಗಿ ಬಹಳ ವರ್ಷ ಪಾಠ ಮಾಡಿದ್ದೇನೆ. ಆದರೆ ಮುಕ್ತ ಚುನಾವಣೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ನೆನಪಾಗುವುದು ಆ ಅಜ್ಜಿಗೆ ನಾನು ಹೇಳಿದ "ಗೊತ್ತಾಗಲ್ಲ" ಎಂಬ ಒಂದು ಮಾತು. ಮುಕ್ತ ಚುನಾವಣೆ ನಿಂತಿರುವುದು ಇಂಥ ಎರಡು "ಗೊತ್ತಾಗಲ್ಲ"ಗಳ ಮೇಲೆ. ಯಾರು ಯಾರಿಗೆ ಮತ ಹಾಕಿದರು ಎಂಬುದು ಆಳುವವರಿಗೆ ಯಾವತ್ತೂ ಗೊತ್ತಾಗಬಾರದು. ಯಾರು ಗೆಲ್ಲುತ್ತಾರೆ ಎಂಬುದು ಎಣಿಕೆ ಮುಗಿಯುವವರೆಗೆ ಯಾರಿಗೂ ಗೊತ್ತಾಗಬಾರದು. ಸರ್ವಾಧಿಕಾರಿಗಳು ಚುನಾವಣೆಯನ್ನೇ ದ್ವೇಷಿಸುತ್ತಾರೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಚರಿತ್ರೆ ನೋಡಿದರೆ ಹಾಗೆ ಕಾಣುವುದಿಲ್ಲ. ಅವರಲ್ಲಿ ಬಹುಪಾಲು ಜನ ಚುನಾವಣೆ ಮಾಡಿದ್ದಾರೆ, ಅದ್ದೂರಿಯಾಗಿಯೇ ಮಾಡಿದ್ದಾರೆ. 2002ರ ಅಕ್ಟೋಬರ್‌ನಲ್ಲಿ ಇರಾಕಿನ ಸದ್ದಾಂ ಹುಸೇನ್ ಜನಮತ ಕೇಳಿದಾಗ ನೂರಕ್ಕೆ ನೂರು ಮತ ಅವರಿಗೇ ಬಿದ್ದಿದೆ ಎಂದು ಸರ್ಕಾರ ಘೋಷಿಸಿತು. ಒಂದು ಕೋಟಿಗೂ ಮೀರಿದ ಮತದಾರರಲ್ಲಿ ಒಬ್ಬನೇ ಒಬ್ಬ ಬೇಡ ಎನ್ನಲಿಲ್ಲವಂತೆ. ಸರ್ವಾಧಿಕಾರಿಗಳಿಗೆ ಮತ ಬೇಕು. ಅವರು ಸಹಿಸಲಾರದ್ದು ಆ ಎರಡು "ಗೊತ್ತಾಗಲ್ಲ"ಗಳನ್ನು. ಇದೇ ನನ್ನ ಇವತ್ತಿನ ಮಾತಿನ ತಿರುಳು.

1

ಅಜ್ಜಿಯ ಬೆರಳಿಗೆ ಹಚ್ಚಿದ ಶಾಯಿ ನಮ್ಮ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶದ ಮತಗಟ್ಟೆಗಳಿಗೆ ಅಳಿಸಲಾಗದ ಶಾಯಿ ಹೋಗುವುದು ಅಲ್ಲಿಂದಲೇ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದ ಕೂಡಲೇ ಕಪ್ಪಗಾಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಉಗುರು ಬೆಳೆದು ಹೋಗುವವರೆಗೆ ಗುರುತು ಇರುತ್ತದೆ. ಒಬ್ಬರು ಎರಡು ಸಲ ಮತ ಹಾಕಬಾರದು ಎಂಬುದಷ್ಟೇ ಅದರ ಉದ್ದೇಶ. ಮೈಸೂರಿನ ಈ ಶಾಯಿ ಹೊರದೇಶಗಳಿಗೂ ಹೋಗುತ್ತದೆ. ಹಾಗೆ ತರಿಸಿಕೊಂಡ ದೇಶಗಳಲ್ಲಿ ಕಾಂಬೋಡಿಯಾ ಕೂಡ ಒಂದು.

ಒಬ್ಬ ಬಲಿಷ್ಠ ನಾಯಕ ಮುಕ್ತ ಚುನಾವಣೆಯನ್ನು ಹೇಗೆ ನೋಡುತ್ತಾನೆ, ಅವನ ನೋಟ ಕಾಲ ಸರಿದಂತೆ ಹೇಗೆ ಮಾಗುತ್ತದೆ ಎಂಬುದನ್ನು ತಿಳಿಯಲು ಕಾಂಬೋಡಿಯಾದಷ್ಟು ಸ್ಪಷ್ಟವಾದ ಪಾಠ ಇನ್ನೊಂದಿಲ್ಲ. 1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಗುಂಪಿನ ಆಳ್ವಿಕೆಯಲ್ಲಿ ಸುಮಾರು 17 ಲಕ್ಷ ಜನ ಸತ್ತ ದೇಶ ಅದು. ಅಲ್ಲಿನ ಆ ಬಲಿಷ್ಠ ನಾಯಕ ಹುನ್ ಸೆನ್ ಮೊದಲು ಖಮೇರ್ ರೂಜ್‌ನಲ್ಲೇ ಇದ್ದವರು, 1977ರಲ್ಲಿ ವಿಯೆಟ್ನಾಂಗೆ ಓಡಿಹೋದವರು. 1985ರಲ್ಲಿ, ಮೂವತ್ತೆರಡನೆಯ ವಯಸ್ಸಿಗೆ, ಪ್ರಧಾನಿಯಾದರು. 1991ರ ಪ್ಯಾರಿಸ್ ಶಾಂತಿ ಒಪ್ಪಂದದ ನಂತರ ವಿಶ್ವಸಂಸ್ಥೆಯೇ ಮುಂದೆ ನಿಂತು ಅಲ್ಲಿ ಚುನಾವಣೆ ನಡೆಸಿತು. 1993ರ ಮೇ ತಿಂಗಳಲ್ಲಿ ಜನ ಬಂದೂಕಿನ ಹೆದರಿಕೆಯ ನಡುವೆಯೂ ಗದ್ದೆಯ ಬದು ದಾಟಿ ಬಂದು ಸಾಲು ನಿಂತರು. ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಮಂದಿ ಮತ ಹಾಕಿದರು. ನಿಮ್ಮ ಮತ ಗುಟ್ಟಾಗಿಯೇ ಉಳಿಯುತ್ತದೆ ಎಂದು ವಿಶ್ವಸಂಸ್ಥೆಯ ರೇಡಿಯೊ ಹೇಳಿತ್ತು, ಜನ ಅದನ್ನು ನಂಬಿದರು.

120 ಸ್ಥಾನಗಳಲ್ಲಿ ರಾಜಕುಮಾರ ರಣರಿದ್ಧ್ ಅವರ ಫನ್ಸಿನ್‌ಪೆಕ್ ಪಕ್ಷಕ್ಕೆ 58 ಬಂದವು, ಹುನ್ ಸೆನ್ ಪಕ್ಷಕ್ಕೆ 51. ಹುನ್ ಸೆನ್ ಸೋತಿದ್ದರು. ಆದರೆ ಸೈನ್ಯ, ಪೊಲೀಸು, ಊರೂರಿನ ಆಡಳಿತ ಎಲ್ಲವೂ ಸೋತವರ ಕೈಯಲ್ಲೇ ಇತ್ತು. ಪೂರ್ವದ ಪ್ರಾಂತ್ಯಗಳು ಬೇರೆಯಾಗುತ್ತವೆ ಎಂಬ ಬೆದರಿಕೆ ಎದ್ದಿತು. ಕೊನೆಗೆ ಒಂದು ರಾಜಿಯಾಯಿತು. ಒಂದೇ ದೇಶಕ್ಕೆ ಇಬ್ಬರು ಪ್ರಧಾನಿಗಳು: ಗೆದ್ದವರು ಮೊದಲನೆಯ ಪ್ರಧಾನಿ, ಸೋತವರು ಎರಡನೆಯ ಪ್ರಧಾನಿ. ನಾಲ್ಕು ವರ್ಷದ ಮೇಲೆ, 1997ರ ಜುಲೈನಲ್ಲಿ, ರಾಜಧಾನಿ ನಾಮ್ ಪೆನ್‌ನ ಬೀದಿಗಳಲ್ಲಿ ಗುಂಡು ಹಾರಿತು, ಮೊದಲನೆಯವರು ಅಧಿಕಾರ ಕಳೆದುಕೊಂಡರು, ಎರಡನೆಯವರು ಉಳಿದರು.

ಇದು ಮೊದಲ ಹಂತ: ಸೋಲನ್ನು ಬಲದಿಂದ ತಳ್ಳಿಹಾಕುವುದು. ಆದರೆ ಹೀಗೆ ಮಾಡಿದರೆ ಊರಿಗೆಲ್ಲ ಕಾಣುತ್ತದೆ. ನೆರವು ಕೊಡುವ ದೇಶಗಳು ಮುಖ ತಿರುಗಿಸುತ್ತವೆ. ಹಾಗಾಗಿ ಜಾಣ ಸರ್ವಾಧಿಕಾರಿ ಚುನಾವಣೆಯನ್ನು ಬಿಡುವುದಿಲ್ಲ, ಅದನ್ನು ಪಳಗಿಸಲು ನೋಡುತ್ತಾನೆ. 1998, 2003, 2008: ಐದೈದು ವರ್ಷಕ್ಕೆ ಚುನಾವಣೆ ನಡೆಯಿತು, ಹುನ್ ಸೆನ್ ಪಕ್ಷ ಬಲಿಯುತ್ತ ಹೋಯಿತು. 2013ರಲ್ಲಿ ಲೆಕ್ಕ ತಪ್ಪಿತು. ವಿರೋಧ ಪಕ್ಷಗಳು ಒಂದಾಗಿ ಸಿಎನ್‌ಆರ್‌ಪಿ ಎಂಬ ಪಕ್ಷ ಕಟ್ಟಿದ್ದವು. 123ರಲ್ಲಿ ಆ ಪಕ್ಷ 55 ಸ್ಥಾನ ಗೆದ್ದಿತು, ಆಳುವ ಪಕ್ಷ 68ಕ್ಕೆ ಇಳಿಯಿತು. 2017ರ ಸ್ಥಳೀಯ ಚುನಾವಣೆಯಲ್ಲೂ ವಿರೋಧ ಪಕ್ಷ ನೂರಕ್ಕೆ 44ರ ಸಮೀಪ ಮತ ಪಡೆಯಿತು. ಮುಂದಿನ ವರ್ಷ ಏನಾಗಬಹುದು ಎಂಬುದು ಗೊತ್ತಾಗದ ಸ್ಥಿತಿ ಬಂತು. ಬೇರೆ ದೇಶದಲ್ಲಿ ಇದನ್ನು ಚುನಾವಣಾ ಕಾವು ಎನ್ನುತ್ತಾರೆ. ಅಲ್ಲಿ ಅದು ಅಪಾಯದ ಗಂಟೆಯಾಯಿತು.

ಆ ಮೇಲಿನ ಮೂರು ತಿಂಗಳನ್ನು ಗಮನಿಸಿ. 2017ರ ಸೆಪ್ಟೆಂಬರ್ 3ರಂದು ವಿರೋಧ ಪಕ್ಷದ ನಾಯಕ ಕೆಮ್ ಸೊಖಾ ಅವರನ್ನು ರಾತ್ರೋರಾತ್ರಿ ಮನೆಯಿಂದ ಎಳೆದೊಯ್ದು ದೇಶದ್ರೋಹದ ಆರೋಪ ಹೊರಿಸಿದರು. ಮರುದಿನ ಕಾಂಬೋಡಿಯಾ ಡೈಲಿ ಎಂಬ ಪತ್ರಿಕೆ ಕೊನೆಯ ಸಂಚಿಕೆ ಹೊರತಂದು ಬಾಗಿಲು ಹಾಕಿತು; ಅದರ ಮೇಲೆ 63 ಲಕ್ಷ ಡಾಲರ್ ತೆರಿಗೆ ಬಾಕಿ ಹೊರಿಸಲಾಗಿತ್ತು. ನವೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯ ಸಿಎನ್‌ಆರ್‌ಪಿಯನ್ನೇ ವಿಸರ್ಜಿಸಿ, ಅದರ 118 ಮಂದಿ ಐದು ವರ್ಷ ರಾಜಕೀಯ ಮಾಡಬಾರದು ಎಂದಿತು. ಜನ ಆ ಪಕ್ಷಕ್ಕೆ ಕೊಟ್ಟಿದ್ದ 55 ಸ್ಥಾನಗಳನ್ನು ಜನ ಗೆಲ್ಲಿಸದ ಪಕ್ಷಗಳಿಗೆ ಹಂಚಿದರು. ಇಷ್ಟರಲ್ಲಿ ಎಲ್ಲಿಯೂ ಮತಪೆಟ್ಟಿಗೆ ಕದ್ದಿಲ್ಲ, ಬೂತ್ ಹೊಡೆದಿಲ್ಲ. ಪ್ರತಿಯೊಂದಕ್ಕೂ ಕಾನೂನಿನ ಕಾಗದವಿದೆ, ಸಹಿ ಇದೆ, ಮೊಹರಿದೆ. ಎರಡನೆಯ ಹಂತದ ಲಕ್ಷಣ ಇದು. ಮತದಾನದ ದಿನ ಮಾಡುವ ಮೋಸ ಹಳೆಯ ಕಾಲದ ಕೆಲಸ. ಈಗಿನವರು ಅಖಾಡಕ್ಕೆ ಇಳಿಯುವ ಮೊದಲೇ ಎದುರಾಳಿಯನ್ನು ಊರು ಬಿಡಿಸುತ್ತಾರೆ. ಆಮೇಲೆ ಕುಸ್ತಿ ನ್ಯಾಯವಾಗಿಯೇ ನಡೆಯಿತು ಎಂದು ಸಾರುತ್ತಾರೆ.

2

ಈಗ ಶಾಯಿಯ ವಿಷಯಕ್ಕೆ ಬರುತ್ತೇನೆ. ಕಾಂಬೋಡಿಯಾದ 2018ರ ಜುಲೈ 29ರ ಚುನಾವಣೆಗೆ ಇಪ್ಪತ್ತು ಪಕ್ಷಗಳಿದ್ದವು, ಆದರೆ ಎದುರಾಳಿ ಇರಲಿಲ್ಲ. ಪರದೇಶದಲ್ಲಿದ್ದ ವಿರೋಧಿ ನಾಯಕ ಸ್ಯಾಮ್ ರೈನ್ಸಿ ಮತ್ತು ಅವರ ಸಂಗಡಿಗರು, ಮತಗಟ್ಟೆಗೆ ಹೋಗಬೇಡಿ, ಬೆರಳು ಸ್ವಚ್ಛವಾಗಿರಲಿ ಎಂದು ಕರೆ ಕೊಟ್ಟರು. ಆಗ ಶಾಯಿಯ ಅರ್ಥವೇ ಬದಲಾಯಿತು. ಶಾಯಿ ಇಲ್ಲದ ಬೆರಳು ಎಂದರೆ ಸರ್ಕಾರದ ವಿರೋಧಿ ಎಂದಾಯಿತು. ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸಗಾರರು, ಹಳ್ಳಿಯವರು, ಸೋಮವಾರ ಬರಿ ಬೆರಳು ಹೊತ್ತು ಕೆಲಸಕ್ಕೆ ಹೋಗುವುದು ಹೇಗೆ ಎಂದು ಅಂಜಿದರೆಂದು ಆಗಿನ ವರದಿಗಳು ಹೇಳುತ್ತವೆ. ಒಬ್ಬರು ಎರಡು ಸಲ ಮತ ಹಾಕದಂತೆ ಕಾಯಲು ಹುಟ್ಟಿದ ಗುರುತು, ಮತ ಹಾಕದವರು ಯಾರು ಎಂದು ಹಿಡಿದು ಕೊಡುವ ಗುರುತಾಯಿತು. ಮೈಸೂರಿನಲ್ಲಿ ಆ ಶಾಯಿಯನ್ನು ನಮ್ಮ ಹೆಮ್ಮೆ ಎಂದು ಹೇಳಿಕೊಳ್ಳುವ ನಮಗೆ ಇದು ನೆನಪಿರಬೇಕು. ಶಾಯಿ, ಪೆಟ್ಟಿಗೆ, ಯಂತ್ರ, ಯಾವುದಕ್ಕೂ ತನ್ನದೇ ಆದ ನೀತಿ ಇಲ್ಲ. ಅದನ್ನು ಹಿಡಿದವರ ನೀತಿಯೇ ಅದರ ನೀತಿ.

ಆಳುವ ಪಕ್ಷ 125ಕ್ಕೆ 125 ಸ್ಥಾನವನ್ನೂ ಗೆದ್ದಿತು. ನನಗೆ ಮುಖ್ಯವೆನಿಸುವುದು ಬೇರೆ ಒಂದು ಅಂಕಿ. ಆ ದಿನ ಆರು ಲಕ್ಷದ ಸಮೀಪ ಮತಪತ್ರಗಳು ಅಸಿಂಧುವಾದವು. ಎರಡನೆಯ ಸ್ಥಾನ ಬಂದ ಪಕ್ಷಕ್ಕೆ ಸಿಕ್ಕಿದ್ದು ಸುಮಾರು 3.74 ಲಕ್ಷ ಮತ. ಅಂದರೆ, ಆ ಚುನಾವಣೆಯಲ್ಲಿ ಎರಡನೆಯ ಅತಿದೊಡ್ಡ ಪಕ್ಷ ಕೆಟ್ಟ ಮತಪತ್ರಗಳದು. ಹೆದರಿ ಬೆರಳಿಗೆ ಶಾಯಿ ಹಾಕಿಸಿಕೊಂಡ ಜನ, ಮರೆಯ ಹಿಂದೆ ಹೋದ ಮೇಲೆ ಹೆದರಲಿಲ್ಲ. ಬೆರಳನ್ನು ಸರ್ಕಾರಕ್ಕೆ ತೋರಿಸಿದರು, ಮನಸ್ಸನ್ನು ಕಾಗದಕ್ಕೆ ತೋರಿಸಿದರು. ಅಂಗೈ ಅಗಲದ ಆ ಮರೆ ಇಷ್ಟು ಕೆಲಸ ಮಾಡಬಲ್ಲುದು.

ಇದೂ ಆಳುವವರ ಗಮನಕ್ಕೆ ಬಾರದೆ ಇರಲಿಲ್ಲ. 2023ರ ಚುನಾವಣೆಗೆ ಒಂದು ತಿಂಗಳು ಮುಂಚೆ ಕಾನೂನು ತಿದ್ದಿದರು. ಹಿಂದಿನ ಚುನಾವಣೆಗಳಲ್ಲಿ ಮತ ಹಾಕದವರು ಮುಂದೆ ಉಮೇದುವಾರರಾಗುವಂತಿಲ್ಲ. ಮತ ಹಾಕಬೇಡಿ, ಮತಪತ್ರ ಕೆಡಿಸಿ ಎಂದು ಕರೆ ಕೊಟ್ಟವರಿಗೆ ಶಿಕ್ಷೆ. ಉಳಿದಿದ್ದ ಮುಖ್ಯ ವಿರೋಧ ಪಕ್ಷವಾದ ಕ್ಯಾಂಡಲ್‌ಲೈಟ್ ಪಕ್ಷದ ನೋಂದಣಿಯ ಮೂಲ ಪತ್ರವಿಲ್ಲ ಎಂದು ಅದನ್ನು ಕಣದಿಂದ ಹೊರಗಿಟ್ಟರು. ಆ ವರ್ಷದ ಆಗಸ್ಟ್‌ನಲ್ಲಿ ಹುನ್ ಸೆನ್ ಪ್ರಧಾನಿ ಸ್ಥಾನ ಬಿಟ್ಟುಕೊಟ್ಟರು. ಬಂದು ಕೂತದ್ದು ಅವರ ಮಗ ಹುನ್ ಮಾನೆಟ್.

3

ಇಷ್ಟು ಕೇಳಿದರೆ ಮನಸ್ಸು ಕುಗ್ಗುತ್ತದೆ. ಆದರೆ ಚರಿತ್ರೆಯಲ್ಲಿ ಇನ್ನೊಂದು ಬಗೆಯ ರಾತ್ರಿಗಳೂ ಇವೆ. ಚಿಲಿ ದೇಶದ ಒಂದು ರಾತ್ರಿಯನ್ನು ಹೇಳುತ್ತೇನೆ.

1973ರ ಸೆಪ್ಟೆಂಬರ್ 11ರಂದು ಜನರಲ್ ಅಗಸ್ಟೊ ಪಿನೊಶೆ ಚುನಾಯಿತ ಸರ್ಕಾರವನ್ನು ಸೈನ್ಯದ ಬಲದಿಂದ ಕೆಡವಿದರು. ಸೇನಾಡಳಿತ ಮತದಾರರ ಪಟ್ಟಿಗಳನ್ನೇ ನಾಶ ಮಾಡಿತು. 1978ರಲ್ಲಿ ಒಂದು ಜನಮತ ನಡೆಯಿತು. ಅದರ ಮತಪತ್ರದಲ್ಲಿ "ಹೌದು" ಎಂಬುದಕ್ಕೆ ದೇಶದ ಬಾವುಟ, "ಇಲ್ಲ" ಎಂಬುದಕ್ಕೆ ಕಪ್ಪು ಬಾವುಟ. 1980ರಲ್ಲಿ ಮತದಾರರ ಪಟ್ಟಿಯೇ ಇಲ್ಲದೆ ಹೊಸ ಸಂವಿಧಾನಕ್ಕೆ ಜನರ ಒಪ್ಪಿಗೆ ಪಡೆದರು. ಆ ಸಂವಿಧಾನದಲ್ಲೇ ಒಂದು ಮಾತಿತ್ತು: 1988ರಲ್ಲಿ ಇನ್ನೊಮ್ಮೆ ಜನರನ್ನು ಕೇಳಬೇಕು. ಇನ್ನೂ ಎಂಟು ವರ್ಷ ಪಿನೊಶೆ ಇರಲೋ, ಬೇಡವೋ?

ಈ ಸಲ ಬೇರೆಯಾದದ್ದು ಹೇಗೆ? 1985ರಲ್ಲಿ ಸಂವಿಧಾನ ನ್ಯಾಯಮಂಡಳಿ ಒಂದು ತೀರ್ಪು ಕೊಟ್ಟಿತು. ಈ ಜನಮತವನ್ನು ಸ್ವತಂತ್ರ ಚುನಾವಣಾ ನ್ಯಾಯಾಲಯವೇ ನೋಡಿಕೊಳ್ಳಬೇಕು ಎಂದಿತು. ಆ ಮಂಡಳಿ ಪಿನೊಶೆಯ ವ್ಯವಸ್ಥೆಯೊಳಗಿನದೇ. ಆದರೂ ಕೆಲವು ನ್ಯಾಯಾಧೀಶರು ಬರೆದಿಟ್ಟ ಕಾನೂನನ್ನು ಬರೆದಂತೆಯೇ ಓದಿದರು. ಮತದಾರರ ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆದರು, ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಟಿವಿಯಲ್ಲಿ 27 ರಾತ್ರಿ ಎರಡೂ ಕಡೆಯವರಿಗೆ ಹದಿನೈದು ಹದಿನೈದು ನಿಮಿಷ ಕೊಟ್ಟರು. ಹದಿನೈದು ವರ್ಷದ ನಂತರ ವಿರೋಧಿಗಳ ಮುಖ ಮನೆ ಮನೆಯ ಪರದೆಯ ಮೇಲೆ ಕಾಣಿಸಿತು. "ಇಲ್ಲ" ಎನ್ನುವವರ ಸ್ವಯಂಸೇವಕರು ಮತಗಟ್ಟೆಗಳಿಂದ ಅಂಕಿಗಳನ್ನು ತರಿಸಿ ತಮ್ಮದೇ ಲೆಕ್ಕ ಇಟ್ಟರು.

1988ರ ಅಕ್ಟೋಬರ್ 5. ಸಂಜೆ ಸರ್ಕಾರ ಹೇಳಿದ ಮೊದಲ ಅಂಕಿಗಳಲ್ಲಿ "ಹೌದು" ಮುಂದಿತ್ತು. ಆಮೇಲೆ ಗಂಟೆಗಟ್ಟಲೆ ಮೌನ. ಊರೆಲ್ಲ ಎಚ್ಚರವಾಗಿದೆ, ಯಾರೂ ಏನೂ ಹೇಳುತ್ತಿಲ್ಲ. ನಡುರಾತ್ರಿ ಕಳೆದ ಮೇಲೆ ಸೇನಾಮಂಡಳಿಯ ಸದಸ್ಯರನ್ನು ಅರಮನೆಗೆ ಕರೆಸಿದರು. ವಾಯುಸೇನೆಯ ಮುಖ್ಯಸ್ಥ ಫರ್ನಾಂಡೊ ಮಾತೇಯಿ ಬಾಗಿಲಲ್ಲಿ ಕಾಯುತ್ತಿದ್ದ ಪತ್ರಕರ್ತರನ್ನು ಕಂಡರು. ಒಳಗೆ ಹೋಗುವ ಮೊದಲೇ, "ಇಲ್ಲ" ಗೆದ್ದಿರುವುದು ತನಗೆ ಸ್ಪಷ್ಟ ಎಂದುಬಿಟ್ಟರು. ಒಳಗೆ ಪಿನೊಶೆ ತಮಗೆ ವಿಶೇಷ ಅಧಿಕಾರ ಕೊಡುವ ಕಾಗದಕ್ಕೆ ಸಹಿ ಕೇಳಿದರೆಂದೂ ತಾನು ನಿರಾಕರಿಸಿದೆನೆಂದೂ ಮಾತೇಯಿ ಮುಂದೆ ಹೇಳಿಕೊಂಡಿದ್ದಾರೆ. ಅಂತಿಮ ಲೆಕ್ಕದಲ್ಲಿ "ಇಲ್ಲ" ನೂರಕ್ಕೆ ಸುಮಾರು 56, "ಹೌದು" 44. 1990ರ ಮಾರ್ಚ್ 11ರಂದು ಚುನಾಯಿತ ಅಧ್ಯಕ್ಷ ಪ್ಯಾಟ್ರಿಸಿಯೊ ಐಲ್ವಿನ್ ಅಧಿಕಾರ ವಹಿಸಿಕೊಂಡರು. ಪಿನೊಶೆ ಮಾತ್ರ 1998ರವರೆಗೆ ಸೇನೆಯ ದಂಡನಾಯಕರಾಗಿಯೇ ಉಳಿದರು. ಬಿಟ್ಟುಕೊಟ್ಟರೂ ಪೂರ್ತಿ ಬಿಟ್ಟುಕೊಡದ ಬಿಟ್ಟುಕೊಡುವಿಕೆ ಅದು.

ಮಾತೇಯಿ ಪ್ರಜಾಪ್ರಭುತ್ವದ ವೀರರಲ್ಲ, ಹತ್ತು ವರ್ಷ ಆ ಸೇನಾಮಂಡಳಿಯಲ್ಲಿ ಕೂತವರು. ಆದರೆ ಬಾಗಿಲಲ್ಲಿ ಆಡಿದ ಒಂದು ವಾಕ್ಯದಿಂದ ಒಳಗಿನ ದಾರಿ ಮುಚ್ಚಿತು. ನಿಜ ಹೊರಗೆ ಬಿದ್ದ ಮೇಲೆ ಸುಳ್ಳಿನ ಬೆಲೆ ಬಹಳ ಏರುತ್ತದೆ.

4

ನಮ್ಮ ದೇಶಕ್ಕೂ ಇಂಥ ಒಂದು ರಾತ್ರಿ ಬಂದಿತ್ತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಹೇರಲಾಯಿತು. ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಮರುದಿನವೇ ಬಂಧಿಸಿದರು. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಲೋಕಸಭೆಯ ಅವಧಿ ಮುಗಿದಿದ್ದರೂ ಅದನ್ನು ಮುಂದಕ್ಕೆ ಎಳೆದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತು. 1977ರ ಜನವರಿ 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಇದ್ದಕ್ಕಿದ್ದಂತೆ ಚುನಾವಣೆ ಘೋಷಿಸಿದರು. ಯಾಕೆ ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. ನನಗೆ ಅನಿಸುವುದು ಇಷ್ಟು: ಜನರ ಬಾಯಿ ಕಟ್ಟಿದವರಿಗೆ ತಮ್ಮ ಕಿವಿಯೂ ಕಟ್ಟಿಹೋಗಿರುವುದು ತಿಳಿಯುವುದಿಲ್ಲ.

ಮಾರ್ಚ್ 20ರ ಎಣಿಕೆಯಲ್ಲಿ ರಾಯ್‌ಬರೇಲಿಯಲ್ಲಿ ಪ್ರಧಾನಿಯೇ 55,202 ಮತಗಳಿಂದ ರಾಜ್‌ನಾರಾಯಣ್ ಎದುರು ಸೋತರು. ಅಲ್ಲಿನ ಚುನಾವಣಾಧಿಕಾರಿ ಸರ್ಕಾರಿ ನೌಕರ. ಸೋತವರು ಇನ್ನೂ ದೇಶದ ಪ್ರಧಾನಿ, ತುರ್ತುಪರಿಸ್ಥಿತಿ ಇನ್ನೂ ತೆಗೆದಿಲ್ಲ. ಆದರೂ ಎಣಿಸಿದ್ದನ್ನು ಎಣಿಸಿದಂತೆಯೇ ಘೋಷಿಸಿದರು. ಮರುದಿನ ತುರ್ತುಪರಿಸ್ಥಿತಿ ಹೋಯಿತು, ಇಂದಿರಾ ಅವರು ಸೋಲನ್ನು ಒಪ್ಪಿ ಇಳಿದರು. ಈ ಒಪ್ಪಿಕೊಂಡದ್ದನ್ನೂ ನಾವು ನ್ಯಾಯವಾಗಿ ಲೆಕ್ಕಕ್ಕೆ ಹಿಡಿಯಬೇಕು. ಹುನ್ ಸೆನ್ 1993ರಲ್ಲಿ ಮಾಡದ ಕೆಲಸ ಅದು.

ಇನ್ನೊಂದು ಮಾತು. ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದ ಆ ಚುನಾವಣೆಯಲ್ಲೇ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರಿನ ಜನ ಅದೇ ಇಂದಿರಾ ಅವರನ್ನು ಗೆಲ್ಲಿಸಿ ಸಂಸತ್ತಿಗೆ ಕಳಿಸಿದರು. ಇದು ಸರಿಯೋ ತಪ್ಪೋ ಎಂದು ನಮ್ಮ ಹಿರಿಯರು ಚಾವಡಿಗಳಲ್ಲಿ ಬಹಳ ಕಾಲ ಜಗಳವಾಡಿದರು. ಆದರೆ ರಾಯ್‌ಬರೇಲಿ ಒಂದು ಹೇಳಿ ಚಿಕ್ಕಮಗಳೂರು ಇನ್ನೊಂದು ಹೇಳಬಲ್ಲ ದೇಶದಲ್ಲಿ ಮಾತ್ರ ಚುನಾವಣೆ ಮುಕ್ತವಾಗಿದೆ ಎನ್ನಬಹುದು. ಇರಾಕಿನ ನೂರಕ್ಕೆ ನೂರರಲ್ಲಿ ಇಂಥ ಜಗಳಕ್ಕೆ ಎಡೆಯೇ ಇರಲಿಲ್ಲ.

5

ಪ್ರಜಾಪ್ರಭುತ್ವ ಎಂದರೆ ಆಳುವ ಪಕ್ಷಗಳು ಸೋಲಬಹುದಾದ ವ್ಯವಸ್ಥೆ ಎಂಬ ಅರ್ಥದಲ್ಲಿ ಪೋಲೆಂಡ್ ಮೂಲದ ರಾಜ್ಯಶಾಸ್ತ್ರಜ್ಞ ಆಡಂ ಪ್ರಿಜ್‌ವೊರ್‌ಸ್ಕಿ ಬರೆದಿದ್ದಾರೆ. ಇದಕ್ಕೆ ನಾನು ಒಂದನ್ನು ಸೇರಿಸುತ್ತೇನೆ. ಸೋಲಬಹುದು ಎಂಬುದು ಸಂವಿಧಾನದ ಹಾಳೆಯಲ್ಲಿದ್ದರೆ ಸಾಲದು, ಆ ಸೋಲನ್ನು ಓದಿ ಹೇಳುವವರು ಬೇಕು. ಚಿಲಿಯ ಸ್ಯಾಂಟಿಯಾಗೊದಲ್ಲಿ ಅದು ಕೆಲವು ನ್ಯಾಯಾಧೀಶರು ಮತ್ತು ಬಾಗಿಲಲ್ಲಿ ನಿಂತ ಒಬ್ಬ ದಂಡನಾಯಕ. ರಾಯ್‌ಬರೇಲಿಯಲ್ಲಿ ಒಬ್ಬ ಚುನಾವಣಾಧಿಕಾರಿ. ಕಾಂಬೋಡಿಯಾದಲ್ಲಿ ಅಂಥವರು ನಿಲ್ಲಬೇಕಾದ ಜಾಗಗಳನ್ನು, ಅಂದರೆ ಪತ್ರಿಕೆ, ನ್ಯಾಯಾಲಯ, ಎದುರು ಪಕ್ಷ ಇವನ್ನು, ಚುನಾವಣೆಗೆ ಎಷ್ಟೋ ತಿಂಗಳು ಮುಂಚೆಯೇ ತೆರವು ಮಾಡಿದ್ದರು. ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಯಾವುದೇ ದೇಶದ ಚುನಾವಣೆ ಮುಕ್ತವೋ ಅಲ್ಲವೋ ಎಂದು ಅಳೆಯುವಾಗ ಮತದಾನದ ದಿನದ ಫೋಟೊ ನೋಡಬೇಡಿ. ಅದಕ್ಕೆ ಹನ್ನೆರಡು ತಿಂಗಳು ಹಿಂದಕ್ಕೆ ಹೋಗಿ. ಎದುರು ನಿಲ್ಲುವವರು ಜೈಲಿನಲ್ಲಿದ್ದರೋ ಊರಿನಲ್ಲಿದ್ದರೋ, ಪತ್ರಿಕೆ ತೆರೆದಿತ್ತೋ ಮುಚ್ಚಿತ್ತೋ, ಪಟ್ಟಿಯಲ್ಲಿ ಯಾರ ಹೆಸರು ಉಳಿದಿತ್ತು, ಯಾರದು ಹೋಗಿತ್ತು ಎಂದು ಕೇಳಿ. ನಮ್ಮ ದೇಶದ ಬಗ್ಗೆಯೂ ಇದೇ ಪ್ರಶ್ನೆಗಳನ್ನು, ಯಾರೇ ಆಳಲಿ, ಇದೇ ಗಟ್ಟಿ ದನಿಯಲ್ಲಿ ಕೇಳಿ.

ನಾನು ಮತಗಟ್ಟೆಯ ಕೆಲಸವನ್ನು ಆಮೇಲೆ ಎಷ್ಟೋ ಸಲ ಮಾಡಿದೆ. ಪೆಟ್ಟಿಗೆ ಹೋಗಿ ಯಂತ್ರ ಬಂತು, ಅರಗಿನ ವಾಸನೆ ಹೋಯಿತು, ಸಾಮಗ್ರಿ ಹಿಂದೊಪ್ಪಿಸುವ ಡಿ-ಮಸ್ಟರಿಂಗ್‌ನ ನಡುರಾತ್ರಿಯ ಸಾಲು ಮಾತ್ರ ಹಾಗೇ ಉಳಿಯಿತು. ಪ್ರತಿ ಸಲವೂ ಮರೆಯ ರಟ್ಟನ್ನು ನಿಲ್ಲಿಸುವಾಗ ಅದು ಕಿಟಕಿಗೆ ಎದುರಾಗದಂತೆ ಎರಡು ಸಲ ನೋಡುತ್ತಿದ್ದೆ. ಜೊತೆಯವರಿಗೆ ಇದು ಅತಿ ಎನಿಸುತ್ತಿತ್ತು. ಈ ದತ್ತಿಯ ಹಿರಿಯರೂ ಹಾಗೆ ನೋಡಿರುತ್ತಾರೆ ಎಂದು ನಂಬಿದ್ದೇನೆ.

ಆ ಅಜ್ಜಿ ಯಾರಿಗೆ ಮತ ಹಾಕಿದರು ಎಂಬುದು ಪಟೇಲರಿಗೆ ಗೊತ್ತಾಗಲಿಲ್ಲ. ಮೂರು ದಶಕದ ಮೇಲೆ, ಇಷ್ಟು ಜನರ ಎದುರು ಅವರ ಕಥೆ ಹೇಳುತ್ತಿರುವ ನನಗೂ ಗೊತ್ತಿಲ್ಲ. ಅವರಿಗೆ ಕೊಟ್ಟ ಮಾತು ಉಳಿದಿದೆ.